ಬಾಣಂತಿ ಕೋಣೆಯ ಕೆಂಡ

ಮನೆಯೊಳಗೆ, ಅದೂ ಹಾಸಿಗೆಯ ಮೇಲೆ ರಗ್ಗು ಹೊದ್ದು ಕೂತು ಮಾತಾಡಿದರೆ ಬಾಯಿಂದ ಹೊಗೆ ಬರುತ್ತದೆ ಅಂದರೆ ನಂಬುತ್ತೀರಾ? ಮೆಲ್ಬರ್ನಿನ ಮೊದಲ ಚಳಿಗಾಲದಲ್ಲಿ ನನಗೆ ಹಾಗೇ ಆಯಿತು. ಫಾರಿನ್ ಮನೆ ಅಂದರೆ ಬೆಚ್ಚಗಿರುತ್ತದೆ ಅಂದುಕೊಂಡು ಮೈಸೂರಿನಿಂದ ಹೊರಟವಳು ನಾನು. ಬಾಡಿಗೆಗೆ ಸಿಕ್ಕಿದ್ದು ವೆದರ್‌ಬೋರ್ಡ್ ಮನೆ, ಅಂದರೆ ಮರದ ಹಲಗೆಗಳನ್ನು ಒಂದರ ಮೇಲೊಂದು ಬಡಿದು ನಿಲ್ಲಿಸಿದ ಗೋಡೆಗಳು. ಅಲ್ಲಿ ಚಳಿಗಾಲ ಶುರುವಾಗುವ ಜೂನ್ ಬಂತೆಂದರೆ ಸಾಕು, ಹಲಗೆಯ ಸಂದಿ, ಕಿಟಕಿಯ ಚೌಕಟ್ಟು, ಬಾಗಿಲ ಅಡಿ, ಎಲ್ಲೆಂದರಲ್ಲಿ ಗಾಳಿ ನುಗ್ಗುತ್ತಿತ್ತು. ಹಾಲ್‌ನಲ್ಲಿ ಒಂದೇ ಒಂದು ಹೀಟರು. ಅದರ ಮುಂದೆ ಕೂತವರಿಗೆ ಮೊಣಕಾಲು ಸುಡುತ್ತಿತ್ತು, ಬೆನ್ನು ಕೊರೆಯುತ್ತಿತ್ತು.

ಪಕ್ಕದ ಮನೆಯ ಮಾರ್ಗರೆಟ್, ಎಪ್ಪತ್ತು ದಾಟಿದ ಒಂಟಿ ಹೆಂಗಸು, ನನಗೆ ಚಳಿಗಾಲದ ಪಾಠ ಹೇಳಿಕೊಟ್ಟವಳು. ಕಿಟಕಿಯ ಸಂದಿಗೆ ಸ್ಪಂಜಿನ ಪಟ್ಟಿ ಅಂಟಿಸಬೇಕು, ದಪ್ಪ ಪರದೆ ಹಾಕಬೇಕು, ಬಾಗಿಲ ಬುಡಕ್ಕೆ ಡೋರ್ ಸ್ನೇಕ್ ಇಡಬೇಕು. ಬಟ್ಟೆಯನ್ನು ಉದ್ದಕ್ಕೆ ಹೊಲಿದು, ಮರಳು ತುಂಬಿ, ಗಾಳಿ ಬರದ ಹಾಗೆ ಬಾಗಿಲಿಗೆ ಒತ್ತರಿಸುವ ಹಾವು ಅದು. ನನ್ನ ಚೊಚ್ಚಲ ಬಾಣಂತನಕ್ಕೆಂದು ಮರುವರ್ಷ ಅಮ್ಮ ಬಂದಾಗ ಅದನ್ನು ಕಂಡು ಕೆನ್ನೆ ಕೆನ್ನೆ ಬಡಿದುಕೊಂಡಳು. "ಅಯ್ಯೋ ಶಿವನೇ, ಬಸುರಿ ಇರೋ ಮನೇಲಿ ಹಾವು ಹೊಲಿದಿಡ್ತಾರೇನೇ!" ಎರಡು ದಿನ ಚಳಿ ತಿಂದ ಮೇಲೆ ತಾನೇ ತನ್ನ ಹಳೇ ಸೀರೆ ಹರಿದು ಇನ್ನೊಂದು ಹಾವು ಹೊಲಿದಳು.

ಅಮ್ಮನ ಬಗ್ಗೆ ಹೇಳಬೇಕು. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ಮೊದಲ ಎಣ್ಣೆನೀರು ಅಮ್ಮನದೇ. ಎರಡೂ ಕಾಲು ನೀಡಿ ಕೂತು, ಮಗುವನ್ನು ಮೇಲೆ ಮಲಗಿಸಿಕೊಂಡು ತಟ್ಟಿ ನೀವುತ್ತಿದ್ದರೆ ಎಂಥ ರಚ್ಚೆ ಹಿಡಿದ ಕೂಸೂ ಅಲ್ಲೇ ಕಣ್ಣು ಮುಚ್ಚುತ್ತಿತ್ತು. ಆ ಕೈಯನ್ನು ನಂಬಿಕೊಂಡೇ ನಾನು ಈ ಪರದೇಶದಲ್ಲಿ ಧೈರ್ಯವಾಗಿ ಹೆತ್ತೆ. ಹೆಣ್ಣುಮಗು.

ಬಾಣಂತಿಗೆ ಥಂಡಿ ತಗಲಬಾರದು. ಕಿವಿಗೆ ಸ್ಕಾರ್ಫ್, ಕಾಲಿಗೆ ಕಾಲುಚೀಲ, ಎಲ್ಲವೂ ಆಯಿತು. ಅಷ್ಟರಲ್ಲಿ ಗೋಡೆಯ ಮೇಲ್ತುದಿಯ ತೂತುತೂತಿನ ಜಾಲರಿ ಅಮ್ಮನ ಕಣ್ಣಿಗೆ ಬಿತ್ತು. ಇಲ್ಲಿನವರು ಅದಕ್ಕೆ ವೆಂಟ್ ಅನ್ನುತ್ತಾರೆ, ಗಾಳಿಯಾಡಲೆಂದೇ ಬಿಟ್ಟದ್ದು. "ಯಾವ ಪುಣ್ಯಾತ್ಮ ಕಟ್ಟಿದ್ನೋ, ಗೋಡೆಗೆ ತೂತು ಇಟ್ಟು ಹೀಟರ್ ಹಾಕ್ಕೊಂಡು ಕೂತಿದಾರಲ್ಲ!" ನಮ್ಮ ಯಜಮಾನರು ನಗುತ್ತಲೇ ಕುರ್ಚಿ ಹತ್ತಿ ಹಳೇ ಪಂಚೆ ತುರುಕಿದರು. ಅಮ್ಮನಿಗೆ ಇದ್ದಿಲು ಬೇಕೆಂದಾಗ ಅಂಗಡಿಯಿಂದ ಬಾರ್ಬೆಕ್ಯೂ ಇದ್ದಿಲು ತಂದುಕೊಟ್ಟವರೂ ಅವರೇ. ಮೈಸೂರಿನಲ್ಲಿ ನಾನು ಹುಟ್ಟಿದಾಗಲೂ ಅಮ್ಮ ತನ್ನ ಬಾಣಂತಿ ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡಿಸಿಕೊಂಡಿದ್ದಳಂತೆ. ಇಲ್ಲಿ ಅಗ್ಗಿಷ್ಟಿಕೆ ಎಲ್ಲಿಂದ ತರೋಣ? ಕಬ್ಬಿಣದ ಬಾಣಲೆಯಲ್ಲಿ ಹಿತ್ತಿಲಲ್ಲೇ ಇದ್ದಿಲು ಹೊತ್ತಿಸಿ, ಹೊಗೆಯೆಲ್ಲ ಹೋದ ಮೇಲೆ ಒಳಗೆ ತಂದಳು. ಸಾಂಬ್ರಾಣಿ ಉದುರಿಸಿ, ಬಾಗಿಲು ಹಾಕಿ, ಹಾವು ಒತ್ತರಿಸಿ ಅಡುಗೆಮನೆಗೆ ಹೋದಳು. ಎಣ್ಣೆನೀರಾದ ಮೈ. ಎಂಥ ಸುಖವಾಗಿತ್ತು! ತಲೆ ಸ್ವಲ್ಪ ನೋಯುತ್ತಿತ್ತು, ನಿದ್ದೆಗೆಟ್ಟಿದ್ದಕ್ಕೆ ಇರಬೇಕು ಅಂದುಕೊಂಡು ಮಗುವಿನ ಪಕ್ಕ ಕಣ್ಣು ಮುಚ್ಚಿದೆ.

ಎಚ್ಚರವಾದಾಗ ಕೋಣೆಯಲ್ಲಿ ಇಬ್ಬರು ಮುದುಕಿಯರು ಕಿಟಕಿಗಾಗಿ ಜಗಳವಾಡುತ್ತಿದ್ದರು. ಮೇಲಕ್ಕೆ ಸರಿಸಿ ತೆರೆಯುವ ಆ ಕಿಟಕಿಯನ್ನು ಮಾರ್ಗರೆಟ್ ಎತ್ತುತ್ತಿದ್ದಳು, ಅಮ್ಮ ಕೆಳಕ್ಕೆ ಎಳೆಯುತ್ತಿದ್ದಳು. "ಬಾಣಂತಿ ಕಣೇ, ಬಾಣಂತಿ! ಗಾಳಿ ಬಡಿದು ಸತ್ತೋಗ್ತಾಳೆ!" ಎಂದು ಅಮ್ಮ ಕನ್ನಡದಲ್ಲಿ ಅರಚುತ್ತಿದ್ದರೆ, "ಅವರು ಸಾಯುತ್ತಾರೆ!" ಎಂದು ಅವಳು ಇಂಗ್ಲಿಷಿನಲ್ಲಿ ಅರಚುತ್ತಿದ್ದಳು. ಇಬ್ಬರೂ ಹೇಳುತ್ತಿದ್ದದ್ದು ಒಂದೇ ಮಾತು. ಅದು ಗೊತ್ತಿದ್ದದ್ದು ನನಗೊಬ್ಬಳಿಗೆ, ನನ್ನ ಬಾಯಿಂದ ಸ್ವರವೇ ಹೊರಡಲಿಲ್ಲ. ಮಗುವನ್ನು ನೋಡಲು ಸೂಪ್ ಹಿಡಿದು ಬಂದಿದ್ದ ಆ ಪುಣ್ಯಾತಗಿತ್ತಿ ಬಾಣಲೆಯ ಕೆಂಡ ಕಂಡೇ ಒಳನುಗ್ಗಿದ್ದಳು. ಮಗು ಅಲುಗಾಡಿಸಿದರೂ ಅಳಲಿಲ್ಲ.

ಆಂಬುಲೆನ್ಸ್, ಆಕ್ಸಿಜನ್, ಆಸ್ಪತ್ರೆ. ಮಗು ಉಳಿಯಿತು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ವಿಷಗಾಳಿ ಬರುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಮ್ಮವರು ಅಮ್ಮನಿಗೆ ಮೆತ್ತಗೆ ಕನ್ನಡದಲ್ಲಿ ಹೇಳಿದರು. ಅಮ್ಮ ಅವರತ್ತ ನೋಡಲಿಲ್ಲ. ನನ್ನ ಕೇಳಿದಳು, "ನಿನಗೂ ಹೀಗೇ ಮಾಡಿದ್ದೆನಲ್ಲೇ? ನಿಮ್ಮಣ್ಣನಿಗೂ ಮಾಡಿದ್ದೆ."

ಹೌದು, ಮಾಡಿದ್ದಳು. ಆದರೆ ನಮ್ಮ ಮೈಸೂರಿನ ಮನೆಗೆ ನಾಡಹೆಂಚು, ಸಂದಿ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. ನಮ್ಮನ್ನು ಉಳಿಸಿದ್ದು ಆ ಸಂದಿಗಳು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಪ್ರಮೇಯವೇ ಬಂದಿರಲಿಲ್ಲ. "ತಪ್ಪು ನಿನ್ನದಲ್ಲಮ್ಮ, ನಾವೆಲ್ಲ ಸೇರಿ ಮಾಡಿದ್ದು" ಎಂದು ಎಷ್ಟು ಸಲ ಹೇಳಿದೆನೋ. ತಲೆಯಾಡಿಸುತ್ತಿದ್ದಳು, ಅಷ್ಟೇ.

ಆಮೇಲೆ ಅಮ್ಮ ಮಗುವನ್ನು ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ನೀರು ಕಾಯಿಸುತ್ತಿದ್ದಳು, ಎಣ್ಣೆ ಬೆಚ್ಚಗೆ ಮಾಡಿಡುತ್ತಿದ್ದಳು, ಕಡಲೆಹಿಟ್ಟು ಕಲೆಸಿಡುತ್ತಿದ್ದಳು. "ನೀನೇ ಹುಯ್ಕೊಳ್ಳೆ, ನನಗೆ ಕೈ ನಡುಗುತ್ತೆ" ಅನ್ನುತ್ತಿದ್ದಳು. ಅದೇ ಕೈಯಲ್ಲಿ ಒಬ್ಬಟ್ಟು ತಟ್ಟಿದರೆ ಅಂಚು ಒಂದಿಷ್ಟೂ ಹರಿಯುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಅಳು ಬರುತ್ತಿತ್ತು. ವೀಸಾ ಇನ್ನೂ ಇರುವಾಗಲೇ ಊರಿಗೆ ಹೊರಟಳು. ಏರ್‌ಪೋರ್ಟಿನಲ್ಲಿ ಮಗುವನ್ನು ಅವಳ ಕೈಗೆ ಕೊಡಹೋದೆ. ಬ್ಯಾಗನ್ನು ಎದೆಗೆ ಅವುಚಿಕೊಂಡು, "ಮಲಗಿದೆ, ಎಬ್ಬಿಸಬೇಡ" ಎಂದಳು. ಮಗು ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿತ್ತು.

ಈಗ ನಾವು ಸಿಡ್ನಿಗೆ ಬಂದಿದ್ದೇವೆ, ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರ ಫ್ಲಾಟು. ಚಳಿಗೆ ಮುಂಚೆ ಹೀಟರ್ ಪರೀಕ್ಷೆ ಮಾಡಿಸುತ್ತೇನೆ, ವೆಂಟಿನ ಧೂಳು ಕೊಡವುತ್ತೇನೆ, ಹೊಸದಾಗಿ ಬಂದ ಕನ್ನಡದ ಹೆಣ್ಣುಮಕ್ಕಳಿಗೂ ಹೇಳಿಕೊಡುತ್ತೇನೆ. ಇಲ್ಲಿನ ಚಳಿ ನನಗೆ ಅರ್ಥವಾಗಿದೆ. ಆದರೂ ಎರಡನೆಯದು ಹೊಟ್ಟೆಯಲ್ಲಿದೆ ಎಂದು ಗೊತ್ತಾದ ದಿನ ಬೆನ್ನಿಗೆ ಬಿಸಿನೀರು ಸುರಿಯುವ ಆ ಕೈಯೇ ಬೇಕೆನ್ನಿಸಿತು. ಮೈಸೂರಿಗೆ ಫೋನ್ ಮಾಡಿದೆ.

"ಅಮ್ಮಾ, ಸಿಡ್ನೀಲಿ ಅಷ್ಟು ಚಳಿ ಇಲ್ಲಮ್ಮ. ಕೆಂಡ ಗಿಂಡ ಏನೂ ಬೇಡ. ನೀನು ಬಾ."

"ಕೆಂಡ ಇಲ್ದೆ, ನೀರು ಹುಯ್ಯದೆ, ನಾನು ಬಂದು ಏನ್ ಮಾಡ್ಲೇ?"

ಹಾಗಾದರೆ ನೀನೇ ಇಲ್ಲಿಗೆ ಬಾರೇ ಅನ್ನುತ್ತಾಳೆಂದು ಕಾದೆ. ಯಾವ ತಾಯಿಯಾದರೂ ಅನ್ನುವ ಮಾತು ತಾನೆ? ಅಂದಿದ್ದರೆ ಮಾರನೆಯ ದಿನವೇ ಟಿಕೆಟ್ ತೆಗೆಯುತ್ತಿದ್ದೆ.

ಅಮ್ಮ ಹೇಳಿದಳು, "ಬಾಣಂತನದಲ್ಲಿ ಕಿಟಕಿ ಸ್ವಲ್ಪ ತೆಗೆದಿಟ್ಕೊಂಡೇ ಮಲಗು, ಮಗು."