ಮುಟ್ಟದೆ ಆಡಿದ ಮಾತು

ನಿನ್ನ ಸ್ವೆಟರ್ ಚುಚ್ಚುತ್ತದೆ ಎಂದು ಅಂದು ಎಲ್ಲರೆದುರು ನಾನು ಹೇಳಿದ್ದು ಸುಳ್ಳು, ನಾಗಮ್ಮ. ನಾನು ಅದನ್ನು ಮುಟ್ಟಿಯೇ ಇರಲಿಲ್ಲ.

ಬೀದರಿನ ಹೆಣಿಗೆ ತರಬೇತಿಯಲ್ಲಿ ನಿಮಗೆಲ್ಲ ಕಲಿಸಿದವಳು ನಾನೇ — ಅಂಗೈ ದುಡಿದು ಗಟ್ಟಿಯಾಗಿರುತ್ತದೆ, ಅದನ್ನು ನಂಬಬೇಡಿ, ಕೂಸಿನ ಬಟ್ಟೆಯನ್ನು ಕೊರಳಿಗೆ ಒತ್ತಿ ನೋಡಿ ಎಂದು. ಔರಾದಿನ ಹೊಸ ಕೇಂದ್ರಕ್ಕೆ ಕಲಿಸುವವಳೊಬ್ಬಳನ್ನು ಆರಿಸಬೇಕಾಗಿತ್ತು. ನೀವೆಲ್ಲ ಒಂದೊಂದು ಕೂಸಿನ ಸ್ವೆಟರ್ ಹೆಣೆದು ತಂದಿದ್ದಿರಿ. ಒಂದೊಂದನ್ನೂ ಕಣ್ಣು ಮುಚ್ಚಿ ಕೊರಳಿಗೆ ಒತ್ತಿ ನೋಡುತ್ತ ಬಂದೆ. ಆಮೇಲೆ ನಿನ್ನ ಸರದಿ.

ನಿನ್ನ ಕೈಗಳ ಚರ್ಮ ಒಣಗಿ ಉದುರುತ್ತಿತ್ತು. "ಅಂಟೂ ರೋಗ ಅಲ್ಲರಿ ಇದು" ಎಂದು ನೀನು ಮೊದಲ ದಿನವೇ ಡಾಕ್ಟರ ಚೀಟಿ ತೋರಿಸಿದ್ದೆ. ನಾನು ಓದಿದ್ದೆ. ಆದರೂ — ಆ ಹಳದಿ ಸ್ವೆಟರಿನ ಕೊರಳಪಟ್ಟಿಯ ಮೇಲೆ ಬೆಳ್ಳಗಿನ ಒಂದು ಚೂರು ಕಂಡಿತು. ವಾಂತಿಗೆ ಮುಂಚೆ ಊರುವಂಥ ನೀರು ಬಾಯಲ್ಲಿ ಊರಿತು. ಸ್ವೆಟರಿದ್ದ ಪ್ಲಾಸ್ಟಿಕ್ ಚೀಲದ ಅಂಚು ಹಿಡಿದು ಎತ್ತಿದೆ, ಇಳಿಸಿದೆ.

"ಚುಚ್ಚತದ. ಕೂಸಿಗಿ ಆಗಲ್ಲ."

"ಕೊರಳಿಗಿ ಹಚ್ಚಿ ನೋಡ್ರಿ ಟೀಚರ್," ಎಂದೆ ನೀನು. "ಎಲ್ಲರದೂ ಹಚ್ಚಿ ನೋಡೀರಿ."

"ನೋಡಿದ್ದು ಆಯ್ತು."

ನೀನು ಜಗಳವಾಡಲಿಲ್ಲ. ಸ್ವೆಟರನ್ನು ತೆಗೆದು ನಿನ್ನ ಕೆನ್ನೆಗೇ ಒತ್ತಿಕೊಂಡೆ — ತಪ್ಪು ನಿನ್ನದೇ ಇದ್ದೀತೇ ಎಂಬಂತೆ. ಭಾಲ್ಕಿಯ ಶಹನಾಜ್ ಅದನ್ನು ನಿನ್ನಿಂದ ಇಸಿದುಕೊಂಡು ಸವರಿ, "ಮಖಮಲ್ ಇದ್ದಂಗ ಅದರಿ ಟೀಚರ್" ಎಂದಳು. ನನಗೆ ಕೇಳಿಸಿತು. ಕೇಳಿಸದವಳಂತೆ ಮುಂದಿನ ಚೀಲ ಬಿಚ್ಚಿದೆ.

ನೀವೆಲ್ಲ ಹೋದ ಮೇಲೆ ಸೋಪು ಹಚ್ಚಿ ಕೈ ತೊಳೆದೆ — ಮುಟ್ಟದ ಕೈಯನ್ನು, ಎರಡು ಸಲ. ಮರುದಿನದಿಂದ ನೀನು ಬರಲಿಲ್ಲ. ಔರಾದಿಗೆ ಬೇರೆಯವಳು ಹೋದಳು.

ಇದಾಗಿ ಎಂಟು ವರ್ಷ. ಕಳೆದ ತಿಂಗಳು ಎಲ್ಲ ಹೇಳಿಬಿಡಬೇಕೆಂದೇ ನಿನ್ನೂರು ಚಿಂತಾಕಿಗೆ, ನಿನ್ನ ಮನೆಗೆ ಬಂದೆ. ಹಳೆಯದೊಂದನ್ನೂ ಎತ್ತದೆ ನೀನು ಚಹಾ ತಂದಿಟ್ಟೆ. ಕಪ್ಪಿನ ಅಂಚಿಗೆ ನಿನ್ನ ಬೆರಳು ತಾಗಿದ್ದನ್ನು ನೋಡಿದೆ. ಮತ್ತೆ ಅದೇ ನೀರು ಬಾಯಲ್ಲಿ — ಇಷ್ಟು ವರ್ಷದ ಮೇಲೂ, ಕ್ಷಮೆ ಕೇಳಲು ಬಂದ ಬಾಯಲ್ಲೇ!

"ನನಗ ಶುಗರ್ ಅದ, ನಾಗಮ್ಮ."

"ಹೌದೇನ್ರಿ? ಸಕ್ಕರಿ ಹಾಕದೆ ಮಾಡ್ತೇನಿ, ಕೂಡ್ರಿ" ಎನ್ನುತ್ತ ನೀನು ಒಳಗೆ ಓಡಿದೆ. ಬಸ್ಸಿನ ನೆಪ ಕೂಗಿ ನಾನು ಎದ್ದು ಬಂದೆ. ಬೀದರ್ ಮುಟ್ಟುವವರೆಗೂ ನನ್ನ ಮೈಯೇ ನನಗೆ ಹೇಸಿಗೆ. ಹೇಳಬೇಕೆಂದಿದ್ದು ಒಂದೂ ಹೇಳಲಿಲ್ಲ. ಹೊಸದೊಂದು ಸುಳ್ಳು ಇಟ್ಟು ಬಂದೆ.

ನನಗೆ ಸಕ್ಕರೆ ಕಾಯಿಲೆ ಇಲ್ಲ, ನಾಗಮ್ಮ.