ಟಿಕ್ ತೆಗದು ಬದುಕಿಸಿದ ದಾನಿ

ಗೆಳ್ಯಾರ, ಇವತ್ತ ಆಫೀಸಿನಾಗ ಕುಂತು ಸತ್ತವರೊಬ್ಬರನ್ನ ಬದುಕಿಸಿ ಬಂದೀನಿ.

ನಮ್ಮದು ಮುಂಡಗೋಡದಾಗ ಹೆಣ್ಣಮಕ್ಕಳ ಹಾಸ್ಟೆಲ್ ನಡಸೂ ಸಣ್ಣ ಸಂಸ್ಥೆ. ದಾನಿಗಳ ಹೆಸರೆಲ್ಲಾ ಹೋದ ತಿಂಗಳ ಹಳೇ ರಜಿಸ್ಟರಿನಿಂದ ಕಂಪ್ಯೂಟರಿಗೆ ಏರಿಸಿದ್ವಿ. ಅದರಾಗ ‘ತೀರಿಕೊಂಡವರು’ ಅಂತ ಒಂದು ಚೌಕ ಐತಿ. ನಾ ಭಾಳ ಶಾಣ್ಯಾಕಿ ನೋಡ್ರಿ, ಗೊತ್ತಿದ್ದವರಿಗೆಲ್ಲಾ ಟಿಕ್ ಹಾಕಿದೆ. ಟಿಕ್ ಬಿದ್ದವರ ಹೆಸರಿಗೆ ದಾನ ಮುಟ್ಟಿದ್ದಕ್ಕ ಕಳಸೂ ಧನ್ಯವಾದದ ಪತ್ರ ಹೋಗೂದಿಲ್ಲ ಅನ್ನೂದು ಗೊತ್ತಿರಲಿಲ್ಲ.

ಇವತ್ತ ಸನವಳ್ಳಿಯಿಂದ ಗಂಗವ್ವ ಬಸ್ ಹತ್ತಿ ಬಂದ್ರು. ಪ್ರತಿ ವರ್ಷ ಗಂಡನ ಪುಣ್ಯತಿಥಿಗೆ ಅವರ ಹೆಸರಲೆ ಒಂದು ಚೀಲ ಅಕ್ಕಿ ಕೊಡವರು.

“ಅಕ್ಕಿ ಮುಟ್ಟಿ ಎಂಟ ದಿನ ಆತು, ಅವರ ಹೆಸರಿಗೆ ಪತ್ರ ಬರಲಿಲ್ಲ. ಫೋಟೋದ ಮುಂದ ಏನ ಓದಿಸಲಿ?”

“ಆಯಿ, ಅವರು ತೀರಿಕೊಂಡಾರಲ್ರಿ...”

“ಅದನ್ನ ನನಗ ಹೇಳ್ತಿಯೇನ? ತೀರಿಕೊಂಡ ಮ್ಯಾಲ ಅಲ್ಲೇನ ಅವರು ಅಕ್ಕಿ ಕೊಡಾಕ ಹತ್ತಿದ್ದು!”

ಅವರ ಎದುರಿಗೇ ಟಿಕ್ ತೆಗದೆ. ದಿನಾ ಕಾಗದ ನುಂಗೂ ಪ್ರಿಂಟರ್ ಸಹಿತ ಇವತ್ತ ಅಂಜಿ ಒಂದೇ ಸಲಕ್ಕ ಪತ್ರ ಕೊಟ್ಟಿತು. ಹಿಂಗ ತೀರಿಕೊಂಡ ಮ್ಯಾಲೂ ದಾನ ಕೊಡವರು ಪಟ್ಟಿಯಾಗ ಇನ್ನೂ ನಾಕು ಮಂದಿ ಇದ್ರು. ಅವರ ಪುಣ್ಯತಿಥಿ ಇನ್ನೂ ಬಂದಿಲ್ಲ, ಸದ್ಯ ಉಳಕೊಂಡೆ! ಅವರನ್ನೂ ಬದುಕಿಸಿದೆ.

ಗಂಗವ್ವ ಪತ್ರ ಸೆರಗಿನಾಗ ಕಟಗೊಂಡು ಬಾಗಲತನಕಾ ಹೋಗಿ ತಿರುಗಿ ನಿಂತ್ರು.

“ತಂಗಿ, ನನ್ನ ಹೆಸರಿನ ಮುಂದ ನೀನಾಗೇ ಏನೂ ಹಾಕಬ್ಯಾಡ. ಅಂಥಾದ್ದೇನರ ಆದ್ರ ನಾನೇ ಬಂದು ಹೇಳ್ತೇನಿ.”