ಬೂದುಗುಂಬಳಕಾಯಿಗೆ ಒನ್ಸ್ ಮೋರ್

ಗೆಳೆಯರೇ, ಇವತ್ತು ಆದೋನಿಯಲ್ಲಿ ಹೊಸ ಬಟ್ಟೆ ಅಂಗಡಿಯ ಉದ್ಘಾಟನೆಗೆ ನನ್ನನ್ನು ಕರೆದಿದ್ದರು. ಹಾಡಲಿಕ್ಕೇ ಇರಬೇಕೆಂದು ಲ್ಯಾಪ್‌ಟಾಪ್, ಕೀಬೋರ್ಡ್, ಸ್ಪೀಕರ್ ಹೊತ್ತು, ಮಿನುಗುವ ಜಾಕೆಟ್ ತೊಟ್ಟು ಆಲೂರಿನಿಂದ ಬಸ್ಸಿನಲ್ಲಿ ನಿಂತೇ ಹೋದೆ.

ಮಾಲೀಕ ನನ್ನ ಕೈಗೆ ಮೈಕ್ ಕೊಡಲಿಲ್ಲ. ಕುಂಕುಮ ತುಂಬಿ, ಮೇಲೆ ಕರ್ಪೂರವಿಟ್ಟ ಬೂದುಗುಂಬಳಕಾಯಿ ಕೊಟ್ಟ.

"ಹಾಡು ಬ್ಯಾಡ್ರಿ ಅಕ್ಕ. ಅಂಗಡಿಗೆ ದಿಷ್ಟಿ ತೆಗೀರಿ, ಸಾಕು. ನಿಮ್ಮಂಥೋರ ಕೈಲೆ ತೆಗಸಿದ್ರ ಛಲೋ ಆಗ್ತೈತಿ."

ನನ್ನಂಥ ಟ್ರಾನ್ಸ್ ಹೆಂಗಸರೆಲ್ಲ ದೃಷ್ಟಿ ತೆಗೆಯುವುದನ್ನು ಕಲಿತೇ ಹುಟ್ಟುತ್ತಾರೆ ಅಂದುಕೊಂಡಿದ್ದಾನೆ ಪುಣ್ಯಾತ್ಮ! ನನಗೆ ರೇಗಿತು.

"ನಾನು ಹಾಡು ಕಟ್ಟಾಕಿ, ಪುಸ್ತಕ ಬರಿಯಾಕಿ. ಇದೆಲ್ಲ ನನಗ ಬರಂಗಿಲ್ಲಪ್ಪ," ಎಂದೆ.

ಅವನ ತಾಯಿ ಕುರ್ಚಿಯಿಂದಲೇ ಗದರಿದರು: "ಇಷ್ಟು ಮಿಷಿನ್ನು ಕಲ್ತೀದಿ, ಒಂದು ಗುಮ್ಮಡಿಕಾಯಿ ತಿರುಗಸಾಕ ಬರಂಗಿಲ್ಲೇನವ್ವ?"

ಸರಿ, ನಾನೂ ಷರತ್ತು ಹಾಕಿದೆ: ತೆಗೆದರೆ ಹಾಡುತ್ತಲೇ ತೆಗೆಯುತ್ತೇನೆ. ಸ್ಪೀಕರ್ ಜೋರು ಮಾಡಿ, ಕರ್ಪೂರ ಉರಿಯುತ್ತಿದ್ದ ಕಾಯಿ ಹಿಡಿದು, ಅಂಗಡಿಯ ಬಾಗಿಲ ಮುಂದೆ ಕುಣಿಯುತ್ತ ನನ್ನ ಹೊಸ ಹಾಡು ಹಾಡಿದೆ. ಎಷ್ಟು ಸುತ್ತು ತಿರುಗಿಸಿದೆನೋ ಯಾರಿಗೆ ಗೊತ್ತು! ಸರಿಯಾಗಿ ಬೀಟ್ ಬೀಳುವ ಹೊತ್ತಿಗೆ ಕಾಯಿಯನ್ನು ನೆಲಕ್ಕೆ ಅಪ್ಪಳಿಸಿದೆ. ಒಳಗಿನ ಕುಂಕುಮವೆಲ್ಲ ಮಾಲೀಕನ ಬಿಳಿ ಅಂಗಿಗೆ ಹಾರಿತು.

ಅವನು ಅಂಗಿ ಕೊಡವಿಕೊಳ್ಳತೊಡಗಿದ. ಆಮೇಲೆ ಆ ತಾಯಿಯೇ ಎದ್ದು ನಿಂತು ಕೂಗಿದರು: "ಒನ್ಸ್ ಮೋರ್!"

ಇಷ್ಟು ವರ್ಷ ಹಾಡಿದರೂ ಆದೋನಿಯಲ್ಲಿ ನನಗೆ ಸಿಕ್ಕ ಮೊದಲ ಒನ್ಸ್ ಮೋರ್ ಇದೇ. ಈಗ ಎದುರಿನ ಮೊಬೈಲ್ ಅಂಗಡಿಯವರೂ ಕರೆದಿದ್ದಾರೆ. ಹಾಡು ಬೇಕೇ ಬೇಕಂತೆ. ಬಟ್ಟೆ ಅಂಗಡಿಯ ಮಾಲೀಕ ಮಾತ್ರ ರಸ್ತೆಯ ಆಚೆ ಬದಿ ನಿಂತು ಕೇಳುತ್ತಾನಂತೆ.